ಪ್ರತಿಭೆ, ಪೈಪೋಟಿ ಮತ್ತು ವಾರಾನ್ನ

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಸೇರಲು ಬಂದ. ಶಾಲೆ ಸೇರಿಸಿಕೊಳ್ಳಲಿಲ್ಲ. ವಿಷಯ ಅಲ್ಲಿಗೇ ಮುಗಿದಿದ್ದರೆ ಯಾವ ದಾಖಲೆಗೂ ಸೇರುತ್ತಿರಲಿಲ್ಲ. ಅಂಥ ಬಾಗಿಲುಗಳು ಈ ದೇಶದಲ್ಲಿ ದಿನಾ ಮುಚ್ಚುತ್ತಲೇ ಇದ್ದವು. ಆದರೆ ಈ ಹುಡುಗನ ಅರ್ಜಿ ಮುಂಬೈ ಸರ್ಕಾರದವರೆಗೂ ಹೋಯಿತು. ಜುಲೈ ತಿಂಗಳಲ್ಲಿ ಸರ್ಕಾರ ತೀರ್ಮಾನ ಹೇಳಿತು. ನ್ಯಾಯವೇನೋ ಹುಡುಗನ ಕಡೆಗೇ ಇದೆ. ಆದರೆ ಇಲ್ಲೀವರೆಗೆ ಓದಲು ಮುಂದೆ ಬಂದ ಒಬ್ಬನೇ ಒಬ್ಬ ಮಹಾರನಿಗಾಗಿ ಮಿಕ್ಕವರೆಲ್ಲ ಶಾಲೆ ಬಿಟ್ಟುಹೋಗುವ ಹಾಗೆ ಮಾಡಲಾಗದು. ಇದು ಆ ತೀರ್ಮಾನದ ತಿರುಳು.

ಕಾಗದ ಕಲ್ಕತ್ತೆಗೂ ಹೋಯಿತು. 1857ರ ಜನವರಿಯಲ್ಲಿ ಅಲ್ಲಿಯ ಸರ್ಕಾರ ಎರಡೂ ಕಡೆ ಕಾಲಿಟ್ಟು ಉತ್ತರ ಬರೆಯಿತು. ಮುಂಬೈಯವರು ಮಾಡಿದ್ದು ಜಾಣತನವೇ ಇರಬಹುದು, ಆದರೆ ಬಂಗಾಳದಲ್ಲಾಗಿದ್ದರೆ ಇವನನ್ನು ಯಾವ ಸರ್ಕಾರಿ ಶಾಲೆಯೂ ಹೊರಗೆ ಹಾಕುತ್ತಿರಲಿಲ್ಲ ಅಂತ. ಮರುವರ್ಷ ಲಂಡನ್ನಿನಲ್ಲಿದ್ದ ಕಂಪನಿಯ ಡೈರೆಕ್ಟರುಗಳು ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ಸೇರಿದ್ದು ಅಂದರು. 1882ರ ಹಂಟರ್ ಆಯೋಗ ಅದನ್ನೇ ಮತ್ತೆ ಅಂದಿತು. ಮಾತಿಗೇನು ಬರವಿಲ್ಲ. ಆ ಹುಡುಗ ಮಾತ್ರ ಚರಿತ್ರೆಯಲ್ಲಿ ಹೆಸರಿಲ್ಲದೆ ‘ಮಹಾರ್ ಹುಡುಗ’ನಾಗಿಯೇ ಉಳಿದ.

ಈ ಹಳೇ ಕಾಗದವನ್ನು ಈಗ ತೆಗೆಯುವುದಕ್ಕೆ ಕಾರಣವಿದೆ. ಮೀಸಲಾತಿ ಅನ್ನುವ ಮಾತು ಬಂದ ಕೂಡಲೇ, ‘ಪೈಪೋಟಿ ಮಾಡಿ ಬರಲಿ, ಯಾರು ಬೇಡ ಅಂತಾರೆ?’ ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಮೇಷ್ಟ್ರುಗಳ ಕೊಠಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ ಈ ಮಾತು ಕೇಳದವರಿಲ್ಲ. ಹಾಗಾದರೆ ಪೈಪೋಟಿ ಅನ್ನುವುದು ನಮ್ಮ ನಾಡಿನಲ್ಲಿ ಯಾರು ಯಾರ ಜೊತೆಗೆ, ಯಾರ ಅನ್ನ ಉಂಡು ಮಾಡಿದ್ದು ಅಂತ ಒಂದು ಸಲ ಲೆಕ್ಕ ಹಾಕಿ ನೋಡಬೇಕು. ಧಾರವಾಡದ ಹುಡುಗ ಪೈಪೋಟಿ ಬೇಡ ಅಂದವನಲ್ಲ. ಅವನೇ ಬಂದಿದ್ದ. ಬೇಡ ಅಂದವರು ಒಳಗಿದ್ದವರು.

ಪೈಪೋಟಿ ಪರೀಕ್ಷೆ ಅನ್ನುವುದು ನಮ್ಮ ಪುರಾಣದಿಂದ ಬಂದದ್ದಲ್ಲ, ಬಿಳಿಯರ ಜೊತೆ ಬಂದದ್ದು. ಇಂಡಿಯನ್ ಸಿವಿಲ್ ಸರ್ವೀಸಿಗೆ 1855ರಲ್ಲಿ ಲಂಡನ್ನಿನಲ್ಲಿ ಬಹಿರಂಗ ಪರೀಕ್ಷೆ ಶುರುವಾಯಿತು. ಕಾನೂನಿನ ಪ್ರಕಾರ ಭಾರತೀಯನೂ ಕೂರಬಹುದು. ಆದರೆ ಕೂರಬೇಕಾದರೆ ಹಡಗು ಹತ್ತಬೇಕು, ಲಂಡನ್ನಿನಲ್ಲಿ ಮನೆ ಮಾಡಬೇಕು, ಇಂಗ್ಲಿಷರ ಮಕ್ಕಳು ಓದಿದ ಪುಸ್ತಕವನ್ನೇ ಓದಿರಬೇಕು. ಮೊದಲ ಭಾರತೀಯ, ಸತ್ಯೇಂದ್ರನಾಥ ಠಾಕೂರ್, ಪಾಸಾಗುವ ಹೊತ್ತಿಗೆ 1863 ಬಂದಿತ್ತು. ಅವರೂ ಕಲ್ಕತ್ತೆಯ ದೊಡ್ಡ ಜಮೀನ್ದಾರರ ಮನೆಯ ಮಗ. ಆಮೇಲೆ ಪರೀಕ್ಷೆಗೆ ಕೂರುವ ವಯಸ್ಸಿನ ಮಿತಿಯನ್ನು 19ಕ್ಕೆ ಇಳಿಸಿದರು. ಆಗ ನಮ್ಮ ಮೇಲ್ಜಾತಿಯ ವಿದ್ಯಾವಂತರು ಏನು ಮಾಡಿದರು? ‘ಪ್ರತಿಭೆ ಇದ್ದರೆ ಲಂಡನ್ನಿಗೆ ಹೋಗಿ ಗೆದ್ದು ಬರುತ್ತೇವೆ’ ಅಂದರೇನು? ಇಲ್ಲ. 1877ರಲ್ಲಿ ಸುರೇಂದ್ರನಾಥ ಬ್ಯಾನರ್ಜಿ ಊರೂರು ತಿರುಗಿ ಇದು ಅನ್ಯಾಯ ಅಂತ ಭಾಷಣ ಮಾಡಿದರು. 1885ರಲ್ಲಿ ಹುಟ್ಟಿದ ಕಾಂಗ್ರೆಸ್ಸು ತನ್ನ ಮೊದಲ ಸಭೆಯಲ್ಲೇ ಪರೀಕ್ಷೆಯನ್ನು ಭಾರತದಲ್ಲೂ ನಡೆಸಿ, ವಯಸ್ಸಿನ ಮಿತಿ ಏರಿಸಿ ಅಂತ ನಿರ್ಣಯ ಮಾಡಿತು. 1922ರಲ್ಲಿ ಅಲಹಾಬಾದಿನಲ್ಲಿ ಪರೀಕ್ಷೆ ನಡೆಯುವ ತನಕ ಆ ಬೇಡಿಕೆ ಬಿಡಲಿಲ್ಲ.

ಅವರು ಕೇಳಿದ್ದು ತಪ್ಪಲ್ಲ, ನೂರಕ್ಕೆ ನೂರು ನ್ಯಾಯ. ದೂರ, ದುಡ್ಡು, ಭಾಷೆ, ವಯಸ್ಸು ಇವೆಲ್ಲ ಒಬ್ಬನಿಗೆ ಅನುಕೂಲವಾಗಿ ಇನ್ನೊಬ್ಬನಿಗೆ ಅಡ್ಡವಾಗಿದ್ದರೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೂ ಅದು ಸಮಾನ ಪರೀಕ್ಷೆ ಆಗುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಗ್ರಹಾರಕ್ಕೂ ಲಂಡನ್ನಿಗೂ ಇರುವ ದೂರ ಕಂಡವರಿಗೆ ಹೊಲಗೇರಿಗೂ ಶಾಲೆಗೂ ಇರುವ ದೂರ ಕಾಣಲಿಲ್ಲ.

ಮೈಸೂರು ಸಂಸ್ಥಾನದಲ್ಲೂ ಇದೇ ಆಟ ಸಣ್ಣ ಅಂಗಳದಲ್ಲಿ ನಡೆಯಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದ ಮೇಲೆ ದಿವಾನರಾದ ರಂಗಾಚಾರ್ಲು, ಅವರ ನಂತರ 1883ರಿಂದ 1901ರ ತನಕ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಇಬ್ಬರೂ ಮದ್ರಾಸು ಕಡೆಯವರು. ಅವರ ಹಿಂದೆಯೇ ಮದ್ರಾಸಿನ ಬಿ.ಎ. ಪಾಸಾದವರು ದೊಡ್ಡ ಹುದ್ದೆಗಳಿಗೆ ಬಂದು ಕೂತರು. 1891ರಲ್ಲಿ ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆ ಶುರುವಾಯಿತು. ಆಗ ಕೂಗೆದ್ದದ್ದು ಯಾರಿಂದ? ಮೈಸೂರು ಬ್ರಾಹ್ಮಣರಿಂದ. ಮದ್ರಾಸಿನವರಿಗೆ ಇಂಗ್ಲಿಷು ಮೊದಲೇ ಸಿಕ್ಕಿದೆ, ಅವರ ಜೊತೆ ನಮ್ಮ ಹುಡುಗರನ್ನು ಓಡಿಸುವುದು ನ್ಯಾಯವಲ್ಲ, ಮೈಸೂರು ಮೈಸೂರಿನವರಿಗೆ ಅಂದರು. ಎರಡೂ ಕಡೆಯವರದ್ದು ಒಂದೇ ಜಾತಿ, ಒಂದೇ ಜನಿವಾರ. ಆದರೂ ಒಬ್ಬರಿಗೆ ಮೂವತ್ತು ವರ್ಷ ಮುಂಚೆ ಇಂಗ್ಲಿಷು ಸಿಕ್ಕಿದ್ದು ಇನ್ನೊಬ್ಬರಿಗೆ ಅನ್ಯಾಯವಾಗಿ ಕಂಡಿತು. ಮೂರು ಸಾವಿರ ವರ್ಷ ಅಕ್ಷರ ಸಿಗದವರು ಅದೇ ಮಾತನ್ನು ಆಡಿದಾಗ ಮಾತ್ರ ಅದು ಪ್ರತಿಭೆಯ ಕೊಲೆಯಾಯಿತು!

ಆ ಮಾತು ಆಡಿದ್ದು 1917–18ರಲ್ಲಿ. ಬ್ರಾಹ್ಮಣೇತರರು ಪ್ರಜಾಮಿತ್ರ ಮಂಡಳಿ ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ನಿಯೋಗ ಹೋದರು. ಸಂಸ್ಥಾನದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರ ಒಳಗಿದ್ದ ಜಾತಿ ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಹಿಡಿದಿತ್ತು. ಅರಸರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಜಾತಿ ನೋಡಿ ಹುದ್ದೆ ಕೊಟ್ಟರೆ ಆಡಳಿತ ಕೆಡುತ್ತದೆ, ವಿದ್ಯೆ ಹರಡಿದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಅನ್ನುವುದು ಅವರ ನಿಲುವು. 1918ರ ಕೊನೆಗೆ ದಿವಾನಗಿರಿ ಬಿಟ್ಟರು.

1919ರಲ್ಲಿ ಬಂದ ಮಿಲ್ಲರ್ ವರದಿಯನ್ನು ನಮ್ಮ ವಿದ್ಯಾರ್ಥಿಗಳು ಹುಡುಕಿಕೊಂಡು ಓದಬೇಕು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಹೋಗಬೇಕು ಅಂತ ಅದು ಹೇಳಿತು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಧಿಕಾರಿಯ ದಕ್ಷತೆಯನ್ನು ಬರೀ ಓದಿನ ಅಂಕದಿಂದ ಅಳೆಯುವುದಕ್ಕಾಗುವುದಿಲ್ಲ. ಜನರ ಮೇಲಿನ ಅನುಕಂಪ, ಪ್ರಾಮಾಣಿಕತೆ, ದುಡಿಯುವ ಚೈತನ್ಯ, ಸಾಮಾನ್ಯ ಜ್ಞಾನ ಇವೂ ಅಷ್ಟೇ ಮುಖ್ಯ ಅಂತ ಒಬ್ಬ ಇಂಗ್ಲಿಷ್ ಜಡ್ಜು ಬರೆದ. ಬರಗಾಲದಲ್ಲಿ ಹಟ್ಟಿಗೆ ಬಂದು ಕುಡಿಯುವ ನೀರಿನ ಬಾವಿ ತೋಡಿಸುವ ಅಮಲ್ದಾರ ದಕ್ಷನೋ, ಷೇಕ್ಸ್‌ಪಿಯರ್ ಬಾಯಿಪಾಠ ಮಾಡಿಕೊಂಡು ಹಟ್ಟಿಯ ನೆರಳಿಗೂ ಹೆದರುವ ಅಮಲ್ದಾರ ದಕ್ಷನೋ? ಪ್ರಶ್ನೆ ಇಷ್ಟು ಸರಳ.

ಆದರೆ ಅದೇ ವರದಿಯಲ್ಲಿ ನಮ್ಮ ಪಾಲಿಗೆ ಬಂದ ಸಾಲನ್ನೂ ನೋಡಬೇಕು. ಈ ಹುದ್ದೆಗಳನ್ನು ತುಂಬುವಾಗ ದಲಿತ ವರ್ಗದ ಅರ್ಹ ಅಭ್ಯರ್ಥಿಗಳಿಗೆ ಮೊದಲ ಆದ್ಯತೆ ಕೊಡಬೇಕು, ‘ಅಂಥವರು ಸಿಕ್ಕಾಗ’ ಅಂತ. ಸಿಕ್ಕಾಗ! ಎಲ್ಲಿಂದ ಸಿಗಬೇಕು? ಧಾರವಾಡದ ಶಾಲೆ ಬಾಗಿಲು ಹಾಕಿ ಆಗ ಅರವತ್ತಮೂರು ವರ್ಷ. ಮೈಸೂರು ಸೀಮೆಯಲ್ಲೂ ಊರ ಶಾಲೆಗೆ ಕೇರಿಯ ಮಗು ಬಂದರೆ ಊರವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದ ಕಾಲ ಅದು. ಬಾಗಿಲು ಮುಚ್ಚಿದವರೇ ಹೊರಗೆ ಇಣುಕಿ ‘ಅರ್ಹರು ಯಾರೂ ಕಾಣಲಿಲ್ಲ’ ಅಂತ ಫೈಲಿನಲ್ಲಿ ಬರೆದರು. 1921ರ ಸರ್ಕಾರಿ ಆದೇಶದಿಂದ ಮುಂದೆ ಬಂದವರು ಹೆಚ್ಚಾಗಿ ಜಮೀನಿದ್ದ, ಸಂಘ ಇದ್ದ, ಹಾಸ್ಟೆಲ್ ಇದ್ದ ಜಾತಿಗಳವರು. ನಾವು ಕಾಯುತ್ತಾ ಕೂತೆವು.

ಇಲ್ಲಿ ‘ಸಂಘ’, ‘ಹಾಸ್ಟೆಲ್’ ಅಂದೆನಲ್ಲ, ಮುಖ್ಯವಾದ ಮಾತು ಅದೇ.

ಪೈಪೋಟಿಯ ಚರಿತ್ರೆ ಬರೆಯುವವರು ವಾರಾನ್ನದ ಚರಿತ್ರೆ ಬರೆಯುವುದಿಲ್ಲ. ನಮ್ಮ ಊರುಗಳಲ್ಲಿ ಇಂದಿಗೂ ವಯಸ್ಸಾದವರಿಗೆ ಅದು ಗೊತ್ತು. ಬಡ ಬ್ರಾಹ್ಮಣ ಹುಡುಗನೊಬ್ಬ ಓದುವುದಕ್ಕೆ ಮೈಸೂರಿಗೋ ತುಮಕೂರಿಗೋ ಧಾರವಾಡಕ್ಕೋ ಬರುತ್ತಾನೆ. ಕೈಯಲ್ಲಿ ಕಾಸಿಲ್ಲ. ಅವನು ಏಳು ಮನೆ ಗೊತ್ತು ಮಾಡಿಕೊಳ್ಳುತ್ತಾನೆ. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಬುಧವಾರ ಪುರೋಹಿತರ ಮನೆ. ಹೀಗೆ ವಾರ ಪೂರ್ತಿ ಊಟ. ಮಲಗುವುದಕ್ಕೆ ಮಠದ ಜಗುಲಿ, ಇಲ್ಲವೇ ಛತ್ರ. ಓದುವುದಕ್ಕೆ ಯಾರದ್ದೋ ಮನೆಯ ದೀಪ, ಹಿಂದಿನ ವರ್ಷದವನ ಪುಸ್ತಕ. ಕನ್ನಡದ ಎಷ್ಟೋ ದೊಡ್ಡ ಬರಹಗಾರರು, ಮೇಷ್ಟ್ರುಗಳು, ಅಧಿಕಾರಿಗಳು ತಮ್ಮ ಆತ್ಮಕತೆಯಲ್ಲಿ ಈ ವಾರಾನ್ನವನ್ನು ಕಣ್ಣಲ್ಲಿ ನೀರು ತಂದುಕೊಂಡು ನೆನೆದಿದ್ದಾರೆ. ಅವರ ಹಸಿವು ಸುಳ್ಳಲ್ಲ. ಪರರ ಮನೆಯಲ್ಲಿ ಊಟಕ್ಕೆ ಕಾಯುವ ಹುಡುಗನ ಅವಮಾನವೂ ಸುಳ್ಳಲ್ಲ. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ.

ಆದರೆ ವಾರಾನ್ನ ಅಂದರೆ ಏನು? ಅದು ಸಹಕಾರ. ಅರ್ಜಿ ಇಲ್ಲದ, ಸರ್ಟಿಫಿಕೇಟ್ ಇಲ್ಲದ, ಕೋರ್ಟಿನಲ್ಲಿ ಯಾರೂ ಪ್ರಶ್ನೆ ಮಾಡದ ಸ್ಕಾಲರ್‌ಶಿಪ್. ‘ನಿನ್ನ ಅಂಕ ಎಷ್ಟು’ ಅಂತ ಬಾಗಿಲಲ್ಲಿ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ: ‘ಯಾವ ಗೋತ್ರ?’ ಆ ಪ್ರಶ್ನೆಗೆ ಉತ್ತರ ಇದ್ದವನಿಗೆ ಅನ್ನ ಸಿಕ್ಕಿತು, ಅನ್ನ ಉಂಡವನಿಗೆ ಓದು ಹತ್ತಿತು, ಓದಿದವನು ಪರೀಕ್ಷೆಯಲ್ಲಿ ಗೆದ್ದ. ಗೆದ್ದ ಮೇಲೆ ಏಳು ಮನೆಗಳ ಅನ್ನ ಮರೆತುಹೋಗಿ ‘ನನ್ನ ಪ್ರತಿಭೆ’ ಒಂದೇ ಉಳಿಯಿತು. ಮಾದಿಗರ ಹುಡುಗ ಅದೇ ಊರಿಗೆ ಓದಲು ಬಂದಿದ್ದರೆ ಏಳು ಮನೆ ಹೋಗಲಿ, ಒಂದು ಮನೆಯ ಹಿತ್ತಲಿಗೂ ಅವನು ಹೋಗುವ ಹಾಗಿರಲಿಲ್ಲ. ಬಾಡಿಗೆಗೆ ಕೋಣೆ ಸಿಗದು, ಹೋಟೆಲಿನಲ್ಲಿ ಹೊರಗೆ ನಿಲ್ಲಬೇಕು, ಕೆರೆಯ ನೀರು ಮುಟ್ಟುವಂತಿಲ್ಲ. ಹೀಗಿದ್ದ ಇಬ್ಬರು ಹುಡುಗರಿಗೆ ಮಾರ್ಚ್ ತಿಂಗಳಲ್ಲಿ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಅದಕ್ಕೆ ಪೈಪೋಟಿ ಅಂತ ಹೆಸರಿಟ್ಟರು.

ವಿಶ್ವೇಶ್ವರಯ್ಯನವರನ್ನೇ ತಗೊಳ್ಳಿ. ಅವರ ಬುದ್ಧಿ, ದುಡಿಮೆ, ಶಿಸ್ತು ಯಾವುದನ್ನೂ ನಾವು ಅಲ್ಲಗಳೆಯುವುದಿಲ್ಲ. ಎಳೆಯದರಲ್ಲೇ ತಂದೆಯನ್ನು ಕಳೆದುಕೊಂಡವರು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದವರು. ಆದರೆ ಪೂನಾದ ಸೈನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವುದಕ್ಕೆ ಅವರನ್ನು ಕಳಿಸಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಆ ವೇತನಕ್ಕೆ ದುಡ್ಡು ಎಲ್ಲಿಂದ ಬಂತು? ರಾಗಿ ಬೆಳೆದವನ ಕಂದಾಯದಿಂದ. ಜೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗದ ಮುಂದೆ ಇದನ್ನೇ ಹೇಳಿದ್ದರು. ಖಜಾನೆ ತುಂಬುವುದು ಬೆವರು ಸುರಿಸುವ ರೈತನಿಂದ, ಅದು ಖರ್ಚಾಗುವುದು ಮೇಲ್ಜಾತಿಯ ಮಕ್ಕಳ ಮೇಲಿನ ಓದಿಗೆ, ಹಾಗಾಗಿ ಮೊದಲು ಹಳ್ಳಿಯ ಮಕ್ಕಳಿಗೆ ಕಡ್ಡಾಯ ಶಿಕ್ಷಣ ಕೊಡಿ ಅಂತ. ಸರ್ಕಾರದ ದುಡ್ಡಿನಲ್ಲಿ ಓದಿದ್ದು ವಿಶ್ವೇಶ್ವರಯ್ಯನವರ ತಪ್ಪಲ್ಲ. ಆ ಸಹಾಯ ಪ್ರತಿಭೆಯನ್ನು ಕೆಡಿಸಲಿಲ್ಲ, ಬೆಳೆಸಿತು. ಒಬ್ಬರಲ್ಲಿ ಬೆಳೆಸಿದ್ದು ಇನ್ನೊಬ್ಬರಲ್ಲಿ ಹೇಗೆ ಕೆಡಿಸುತ್ತದೆ ಅನ್ನುವುದಷ್ಟೇ ನಮ್ಮ ಪ್ರಶ್ನೆ.

ಹಾಗಂತ ಸಹಕಾರ ಅನ್ನುವ ಶಬ್ದ ಕೇಳಿದ ಕೂಡಲೇ ಕೈಮುಗಿಯುವುದೂ ಬೇಡ. ನಮ್ಮ ಹಳ್ಳಿಗಳನ್ನು ಸಹಕಾರದ ತವರು ಅಂತ ಹಾಡಿಹೊಗಳುವವರಿದ್ದಾರೆ. ಹನ್ನೆರಡು ಆಯಗಾರರು, ಒಬ್ಬರಿಗೊಬ್ಬರು ಆಸರೆ, ಎಂಥ ಚೆಂದ! ಆ ಹನ್ನೆರಡರಲ್ಲಿ ತಳವಾರ, ತೋಟಿ, ಮಾದಿಗ ಮಾಡಿದ್ದೂ ಸಹಕಾರವೇ ತಾನೆ? ಸತ್ತ ದನ ಹೊರುವುದು, ಸಾವಿನ ಸುದ್ದಿ ಹೊತ್ತು ಹರದಾರಿ ನಡೆಯುವುದು, ಸಾಹೇಬರು ಬಂದರೆ ಸೌದೆ ಒಡೆಯುವುದು, ಬಿಟ್ಟಿ ಚಾಕರಿ. ಬೇಡ ಅನ್ನುವ ಹಕ್ಕಿಲ್ಲದವನು ಕೊಡುವ ಸಹಕಾರಕ್ಕೆ ಜೀತ ಅಂತ ಹೆಸರು. ಅದನ್ನು ಕಾನೂನಿನಲ್ಲಿ ನಿಲ್ಲಿಸುವುದಕ್ಕೆ 1976ರ ತನಕ ಕಾಯಬೇಕಾಯಿತು. ಗದುಗಿನ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘ ಅನ್ನುವ ಕೀರ್ತಿ ಅದಕ್ಕಿದೆ. ದೊಡ್ಡ ಕೆಲಸವೇ. ಆದರೆ ಮುಂದೆ ಊರೂರಲ್ಲಿ ಬೆಳೆದ ಸೊಸೈಟಿಗಳಲ್ಲಿ ಸಾಲ ಸಿಕ್ಕಿದ್ದು ಪಹಣಿ ಇದ್ದವನಿಗೆ. ಭೂಮಿ ಇಲ್ಲದ ಕೇರಿಯವನು ಸೊಸೈಟಿಯ ಗೊಬ್ಬರದ ಮೂಟೆ ಇಳಿಸುವ ಹಮಾಲಿಯಾಗಿಯೇ ಹೆಚ್ಚು ಕಂಡ.

ವಿದ್ಯೆಯ ವಿಷಯದಲ್ಲೂ ಸಹಕಾರ ಜಾತಿಯ ಬೇಲಿಯೊಳಗೇ ಬೆಳೆಯಿತು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ. 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ. ಮಠಗಳ ಪ್ರಸಾದನಿಲಯಗಳು. ಏಳು ಮನೆಯ ವಾರಾನ್ನ ಇವರಿಗಿರಲಿಲ್ಲ, ಹಾಗಾಗಿ ಒಂದೇ ದೊಡ್ಡ ಅಡುಗೆಮನೆ ಕಟ್ಟಿಕೊಂಡರು. ಮೆಚ್ಚಬೇಕಾದ ಕೆಲಸ. ಕೆಲವು ಮಠಗಳು ಆಮೇಲೆ ಎಲ್ಲ ಜಾತಿಯ ಮಕ್ಕಳಿಗೂ ಅನ್ನ ಇಟ್ಟವು, ಅದನ್ನು ಮರೆಯಬಾರದು. ಆದರೆ ಈ ಯಾವ ಸಂಘದಿಂದಲೂ ‘ಮೊದಲು ಕೇರಿಯವರು ಬನ್ನಿ’ ಅನ್ನುವ ಕೂಗು ಕೇಳಿಬರಲಿಲ್ಲ.

ಆ ಕೂಗು ಕೊಲ್ಹಾಪುರದಿಂದ ಕೇಳಿತು. ಶಾಹು ಮಹಾರಾಜರು 1902ರಲ್ಲಿ ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಇಟ್ಟರು. ಮರಾಠರು, ಲಿಂಗಾಯತರು, ಜೈನರು, ಮುಸಲ್ಮಾನರು, ಅಸ್ಪೃಶ್ಯರು ಎಲ್ಲರಿಗೂ ಹಾಸ್ಟೆಲು ಕಟ್ಟಿಸಿದರು. ಅವರ ಬಗ್ಗೆ ಆ ಕಡೆ ಒಂದು ಕತೆ ಹೇಳುತ್ತಾರೆ. ಸಾಂಗ್ಲಿಯ ಒಬ್ಬ ವಕೀಲರು ಬಂದು, ‘ಮಹಾರಾಜರೇ, ಸ್ಕಾಲರ್‌ಶಿಪ್ಪು ನೌಕರಿ ಯೋಗ್ಯತೆ ನೋಡಿ ಕೊಡಬೇಕು, ಜಾತಿ ನೋಡಿ ಅಲ್ಲ’ ಅಂದರಂತೆ. ಶಾಹು ಮಾತಾಡದೆ ಅವರನ್ನು ಕುದುರೆ ಲಾಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದೊಂದು ಕುದುರೆಯ ಬಾಯಿಗೂ ಹುರುಳಿಯ ಚೀಲ ಕಟ್ಟಿತ್ತು. ಚೀಲ ಬಿಚ್ಚಿ ಎಲ್ಲ ಹುರುಳಿಯನ್ನೂ ಒಂದೇ ಕಡೆ ಸುರಿಯಲು ಹೇಳಿದರು. ಕೊಬ್ಬಿದ ಕುದುರೆಗಳು ನುಗ್ಗಿ ಮುಕ್ಕಿದವು. ಮುದಿಯವು, ಕುಂಟಿದವು, ಮರಿಗಳು ಹಿಂದೆ ನಿಂತು ನೋಡಿದವು, ಹತ್ತಿರ ಬಂದರೆ ಒದೆ ತಿಂದವು. ‘ಈಗ ಹೇಳಿ ವಕೀಲರೇ, ನಾನು ಚೀಲ ಯಾಕೆ ಕಟ್ಟುತ್ತೇನೆ?’ ಅಂದರಂತೆ. ಕತೆ ಬಾಯಿಂದ ಬಾಯಿಗೆ ಬೆಳೆದಿರಬಹುದು. ಆದರೆ ಹಾಸ್ಟೆಲುಗಳು ಕಲ್ಲು ಗಾರೆಯಲ್ಲಿ ನಿಂತದ್ದು ನಿಜ.

ಅಂಬೇಡ್ಕರ್ ಈ ಗುಟ್ಟನ್ನು ತಮ್ಮ ಮೈಮೇಲೆಯೇ ಕಂಡವರು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಇಲ್ಲದಿದ್ದರೆ 1913ರಲ್ಲಿ ಅವರು ಅಮೆರಿಕಾದ ಹಡಗು ಹತ್ತುತ್ತಿರಲಿಲ್ಲ. ಅದಕ್ಕೇ ಅವರು ಮೊದಲಿನಿಂದಲೂ ಹಾಸ್ಟೆಲಿಗೆ ಅಷ್ಟು ಬೆಲೆ ಕೊಟ್ಟರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು, ಮರುವರ್ಷವೇ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಬಗ್ಗೆ ಹೇಳಿಕೆ ಇಟ್ಟಾಗ ಅವರು ಯಾವ ಪ್ರಕರಣವನ್ನು ಎತ್ತಿದರು ಗೊತ್ತೇ? ಇದೇ 1856ರ ಧಾರವಾಡದ ಹುಡುಗನ ಪ್ರಕರಣ. ಅದೇ ವರ್ಷ ಅವರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ಕಟ್ಟಿದರು. ಆ ಸಂಸ್ಥೆ ನಡೆಸಿದ ಹಾಸ್ಟೆಲುಗಳಲ್ಲಿ ಒಂದು ಧಾರವಾಡದಲ್ಲಿತ್ತು. ಬಾಗಿಲು ಮುಚ್ಚಿದ ಊರಿನಲ್ಲೇ, ಎಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ, ನಮ್ಮ ಹುಡುಗರಿಗೆ ಅನ್ನ ಬೇಯಿತು. ಮುಂದೆ ಅಂಬೇಡ್ಕರ್ ವೈಸರಾಯರ ಕೌನ್ಸಿಲಿಗೆ ಹೋದಾಗಲೂ ಪಟ್ಟು ಹಿಡಿದು ಕೇಳಿದ್ದು ಇದನ್ನೇ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಇವತ್ತು ಕಾಲೇಜು ಹುಡುಗರು ‘ಪೋಸ್ಟ್ ಮೆಟ್ರಿಕ್’ ಅಂತ ಕರೆಯುವ ಸ್ಕಾಲರ್‌ಶಿಪ್ಪಿನ ಬೇರು 1944ರ ಆ ಯೋಜನೆಯಲ್ಲಿದೆ.

ಹಾಸ್ಟೆಲು ಅಂದರೆ ಬರೀ ಮುದ್ದೆ-ಸಾರಲ್ಲ. ಇದನ್ನು ಅಲ್ಲಿ ಇದ್ದು ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪುಸ್ತಕ, ನಾಲ್ಕು ಜನ. ಒಬ್ಬ ಗಟ್ಟಿಯಾಗಿ ಓದುತ್ತಾನೆ, ಮೂವರು ಕೇಳುತ್ತಾರೆ. ಲೆಕ್ಕ ಬಂದವನು ಲೆಕ್ಕ ಬಾರದವನಿಗೆ ರಾತ್ರಿ ಕೂತು ಹೇಳಿಕೊಡುತ್ತಾನೆ. ಹೇಳಿಕೊಡುವಾಗ ಅವನಿಗೇ ಅದು ಇನ್ನೊಂದು ಸಲ ತಿಳಿಯುತ್ತದೆ. ಸಂದರ್ಶನಕ್ಕೆ ಹೊರಟವನು ಗೆಳೆಯನ ಷರ್ಟು ಹಾಕಿಕೊಂಡು ಹೋಗುತ್ತಾನೆ. 1973ರ ನವೆಂಬರ್‌ನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದಾಗ ಊರುಗಳಲ್ಲಿ ಕಲ್ಲು ಬಿದ್ದದ್ದು ದಲಿತ ಹುಡುಗರ ಮೇಲೆ. ಅವರು ಓಡಿಬಂದು ಒಟ್ಟಾದದ್ದು ಈ ಹಾಸ್ಟೆಲುಗಳಲ್ಲಿ. ದಲಿತ ಸಂಘರ್ಷ ಸಮಿತಿಗೆ ಹುಡುಗರು ಬಂದದ್ದು, ಹಾಡು ಹುಟ್ಟಿದ್ದು, ಪತ್ರಿಕೆ ಕೈಬದಲಾದದ್ದು ಇದೇ ಕೋಣೆಗಳಲ್ಲಿ. ಪೈಪೋಟಿಗೆ ತಯಾರಾಗಲೆಂದು ಸರ್ಕಾರ ಕೊಟ್ಟ ಜಾಗದಲ್ಲಿ ಹುಡುಗರು ಕಲಿತದ್ದು ಜೊತೆಗೂಡುವುದನ್ನು.

ನಮ್ಮ ಶಾಲೆಗಳು ಇದನ್ನು ಕಲಿಸುವುದಿಲ್ಲ. ಹಳ್ಳಿಯ ಮೇಷ್ಟ್ರುಗಳು ಇದನ್ನು ಸ್ವಲ್ಪ ಯೋಚನೆ ಮಾಡಬೇಕು. ಮೊದಲನೇ ರ‍್ಯಾಂಕು, ಎರಡನೇ ರ‍್ಯಾಂಕು, ಮುಂದಿನ ಬೆಂಚು, ಹಿಂದಿನ ಬೆಂಚು. ಪಕ್ಕದವನಿಗೆ ಹೇಳಿಕೊಟ್ಟರೆ ಅದು ಕಾಪಿ, ಅಪರಾಧ. ಮಗು ಅಕ್ಷರ ಕಲಿಯುವ ಮೊದಲೇ ಪಕ್ಕದವನು ಶತ್ರು ಅಂತ ಕಲಿಯುತ್ತದೆ. ಏಕಲವ್ಯನ ಕತೆ ಎಲ್ಲ ಪಾಠದಲ್ಲೂ ಇದೆ, ಗುರುಭಕ್ತಿಗೆ ಉದಾಹರಣೆಯಾಗಿ. ಪೈಪೋಟಿಯಲ್ಲಿ ನಿಜವಾಗಿ ಗೆದ್ದವನು ಅವನು. ಅರ್ಜುನನಿಗೆ ಸಮನಾದ ಬಿಲ್ಲುಗಾರ ಇರುವುದಿಲ್ಲ ಅಂತ ಗುರು ಮೊದಲೇ ಮಾತು ಕೊಟ್ಟುಬಿಟ್ಟಿದ್ದ, ಅದಕ್ಕೇ ಹೆಬ್ಬೆರಳು ಹೋಯಿತು. ಗೆದ್ದರೂ ಬಿಡಲಿಲ್ಲವಲ್ಲ ಅಂತ ಯಾವ ಮಗುವಾದರೂ ಎದ್ದು ಕೇಳಿದರೆ ಮೇಷ್ಟ್ರುಗಳೇ, ದಯವಿಟ್ಟು ಕೂರಿಸಬೇಡಿ.

ಸ್ವಾತಂತ್ರ್ಯ ಬಂದ ಮೇಲೆ ಈ ಜಗಳ ಕೋರ್ಟಿಗೆ ಹೋಯಿತು. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಹಿಂದುಳಿದವರಿಗೆ ಶೇಕಡಾ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಒಟ್ಟು 68 ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿ, ಐವತ್ತು ದಾಟಬಾರದು ಅಂದಿತು. ಅರವತ್ತು ವರ್ಷ ಆ ಗೆರೆಯನ್ನು ಲಕ್ಷ್ಮಣರೇಖೆಯಂತೆ ತೋರಿಸಿದರು. 2019ರಲ್ಲಿ ಮೇಲ್ಜಾತಿಯ ಬಡವರಿಗೆ ಶೇಕಡಾ 10 ಅಂತ ಸಂವಿಧಾನಕ್ಕೆ ತಿದ್ದುಪಡಿ ತಂದಾಗ, 2022ರ ನವೆಂಬರ್‌ನಲ್ಲಿ ಅದೇ ಕೋರ್ಟಿನ ಐವರಲ್ಲಿ ಮೂವರು ಜಡ್ಜುಗಳು ಗೆರೆ ದಾಟಿದರೂ ಅಡ್ಡಿಯಿಲ್ಲ ಅಂದರು. ಆಗ ಪ್ರತಿಭೆಯ ಕೊಲೆ ಅಂತ ಎದೆ ಬಡಿದುಕೊಂಡವರು ಎಷ್ಟು ಜನ?

ದುಡ್ಡಿನ ಸೀಟಿನ ಬಗ್ಗೆಯೂ ಇದೇ ಮೌನ. ಕ್ಯಾಪಿಟೇಷನ್ ಕಾಲೇಜುಗಳಿಗೆ ಹೆಸರಾದ ನಾಡು ನಮ್ಮದು. 1989ರ ಸರ್ಕಾರಿ ಆದೇಶದಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ವರ್ಷದ ಫೀಸು ಹೀಗಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಮಿಕ್ಕವರಿಗೆ 25,000, ಹೊರ ರಾಜ್ಯದವರಿಗೆ 60,000ದ ತನಕ. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಕ್ಯಾಪಿಟೇಷನ್ನೇ ಅಂತ ತಳ್ಳಿಹಾಕಿತು. ಆದರೆ ದುಡ್ಡಿನ ಸೀಟು ಬೇರೆ ಬೇರೆ ಹೆಸರು ಹೊತ್ತು ಉಳಿದುಕೊಂಡಿತು. ಕಡಿಮೆ ಅಂಕದವನು ದುಡ್ಡು ಕೊಟ್ಟು ಡಾಕ್ಟರಾದರೆ ರೋಗಿ ಸಾಯುವುದಿಲ್ಲ, ಮೀಸಲಾತಿಯಲ್ಲಿ ಡಾಕ್ಟರಾದರೆ ಮಾತ್ರ ಸಾಯುತ್ತಾನೆ ಅನ್ನುವ ವೈದ್ಯಶಾಸ್ತ್ರ ನಮ್ಮಲ್ಲಿ ಬಹಳ ಜನರಿಗೆ ಗೊತ್ತು.

ಇದರ ನಡುವೆ ಒಂದು ತೀರ್ಪು ನೆನೆಯಬೇಕು. ಮೀಸಲಾತಿಯಲ್ಲಿ ಬಡ್ತಿ ಪಡೆದ ಕರ್ನಾಟಕದ ಪರಿಶಿಷ್ಟ ನೌಕರರಿಗೆ ಜ್ಯೇಷ್ಠತೆ ಕೊಡುವ ಕಾನೂನನ್ನು 2017ರಲ್ಲಿ ಸುಪ್ರೀಂ ಕೋರ್ಟು ಹೊಡೆದಿತ್ತು. ಸರ್ಕಾರ ಅಂಕಿಅಂಶ ಸೇರಿಸಿ ಹೊಸ ಕಾನೂನು ಮಾಡಿತು. 2019ರ ಮೇ ತಿಂಗಳಲ್ಲಿ, ಬಿ.ಕೆ. ಪವಿತ್ರ ಪ್ರಕರಣದ ಎರಡನೇ ಸುತ್ತಿನಲ್ಲಿ, ಕೋರ್ಟು ಅದನ್ನು ಎತ್ತಿಹಿಡಿಯಿತು. ಪ್ರತಿಭೆ ಅಂದರೆ ಪರೀಕ್ಷೆಯ ಅಂಕ ಮಾತ್ರವಲ್ಲ, ಆಡಳಿತ ಎಲ್ಲರನ್ನೂ ಒಳಗೊಂಡಾಗಲೇ ಅದು ದಕ್ಷ ಆಡಳಿತ ಅನ್ನುವ ಅರ್ಥದ ಮಾತು ಅದರಲ್ಲಿದೆ. ಮಿಲ್ಲರ್ ಬರೆದು ಅವತ್ತಿಗೆ ಸರಿಯಾಗಿ ನೂರು ವರ್ಷ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಬೇರೆಯವರ ಎಲೆಯ ಲೆಕ್ಕ ಇಷ್ಟು ಹೊತ್ತು ಹೇಳಿ ನಮ್ಮ ಎಲೆಯ ಲೆಕ್ಕ ಹೇಳದಿದ್ದರೆ ಅದು ಬಂಡಾಯವಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ನೂರೊಂದು ಜಾತಿಗಳಿವೆ. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದರೆ ಹಾಸ್ಟೆಲು ಮೊದಲು ಕಂಡವನು ಮೊದಲು ಮುಟ್ಟುತ್ತಾನೆ. ಮಾದಿಗರು ಒಳಮೀಸಲಾತಿ ಕೇಳಿ ದಶಕಗಳೇ ಹೋರಾಡಿದರು. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು, ವರದಿ ಕಪಾಟಿನಲ್ಲಿ ಕೂತಿತು. ಆಗ ನಮ್ಮವರಲ್ಲೇ ಕೆಲವರು, ‘ಓದಿ ಮುಂದೆ ಬರಲಿ, ಯಾರು ಬೇಡ ಅಂದರು?’ ಅಂದದ್ದುಂಟು. ಕೇಳಿದ ಮಾತಿನ ಹಾಗಿದೆಯಲ್ಲ?

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಮಾಡಬಹುದು ಅಂದಿತು. ನಾಗಮೋಹನ ದಾಸ್ ಆಯೋಗ ಲೆಕ್ಕ ಮಾಡಿ ಐದು ಗುಂಪು ಹೇಳಿತು. ಅದರಲ್ಲಿ ಎಲ್ಲರಿಗಿಂತ ಹಿಂದುಳಿದ 59 ಅಲೆಮಾರಿ ಮತ್ತು ಸಣ್ಣ ಜಾತಿಗಳಿಗೆ ಬೇರೆಯಾಗಿ ಶೇಕಡಾ 1 ಇತ್ತು. 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಶೇಕಡಾ 17ನ್ನು ಮೂರು ಪಾಲು ಮಾಡಿತು: 6, 6, 5. ಎಡಗೈಗೂ ಬಲಗೈಗೂ ಸಮ ಸಮ ಬಂತು. ಅಲೆಮಾರಿಗಳ ಒಂದು ಪಾಲು ಮಾಯವಾಗಿ, ಅವರನ್ನು ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ ಮೂರನೇ ಗುಂಪಿಗೆ ಸೇರಿಸಿದರು. ಬುಡ್ಗ ಜಂಗಮರು, ಸುಡುಗಾಡು ಸಿದ್ಧರು, ಶಿಳ್ಳೇಕ್ಯಾತರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಗುಡಾರದಲ್ಲಿ ಹುಟ್ಟಿ, ಊರಿಂದೂರಿಗೆ ಹೋಗುವಾಗ ಶಾಲೆ ತಪ್ಪುವ ಮಕ್ಕಳು ಅವರವು. ಜಾತಿ ಸರ್ಟಿಫಿಕೇಟಿಗೆ ಕೇಳುವ ಖಾಯಂ ವಿಳಾಸವೇ ಎಷ್ಟೋ ಜನರಿಗಿಲ್ಲ. ಆ 59 ಜಾತಿಗಳವರು ಕೇಳಿದ್ದು ನೂರರಲ್ಲಿ ಒಂದು. ಅದು ಹೋದದ್ದು ನಮ್ಮ ಎರಡು ಆರುಗಳು ಸರಿಹೊಂದಲಿ ಅಂತ. ಆ ಧರಣಿಯ ಜಮಖಾನೆಯ ಮೇಲೆ ಹೋಗಿ ಕೂತ ದಲಿತ ಸಂಘಟನೆಗಳವರು ಇದ್ದರು. ಹೋಗದವರು ಅವರಿಗಿಂತ ಹೆಚ್ಚಿದ್ದರು.